ವರದಿ ಮೊದಲು ಯಾರ ಕೈಗೆ? ಮೂರು ದೇಶಗಳ ಮನೋವಿಜ್ಞಾನಿಗಳು ಕೂಡಿ ನಡೆಸಿದ ಮೌಲ್ಯಮಾಪನವೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಯಂತ್ರೋಪಕರಣಗಳನ್ನು ತಯಾರಿಸಿ ಮಾರುವುದರ ಜೊತೆಗೆ ಅವುಗಳ ನಿರ್ವಹಣೆಯ ಹೊಣೆಯನ್ನೂ ಹೊತ್ತಿದ್ದ ಯುರೋಪಿನ ಕಂಪನಿಯೊಂದು ನೆದರ್ಲೆಂಡ್ಸ್, ಜರ್ಮನಿ ಮತ್ತು ಬೆಲ್ಜಿಯಂಗಳಲ್ಲಿದ್ದ ತನ್ನ ಸೇವಾ ವಿಭಾಗಗಳನ್ನು ಒಂದೇ ಆಡಳಿತದಡಿ ತರಲು ನಿರ್ಧರಿಸಿತು. ಇದರಿಂದ ಹುಟ್ಟಿದ ಪ್ರಾದೇಶಿಕ ವ್ಯವಸ್ಥಾಪಕರ ಹುದ್ದೆಗಳಿಗೆ ಒಳಗಿನ ನೌಕರರಿಂದಲೇ ಅರ್ಜಿ ಕರೆದು, ಮೊದಲ ಸುತ್ತಿನಲ್ಲಿ ಉಳಿದ ಸುಮಾರು ಮೂವತ್ತು ಮಂದಿಯ ಮನೋವೈಜ್ಞಾನಿಕ ಮೌಲ್ಯಮಾಪನವನ್ನು ಹೊರಗಿನ ತಜ್ಞರಿಗೆ ಒಪ್ಪಿಸಿತು. ಕಂಪನಿಯ ಉದ್ದಿಮೆ, ಹುದ್ದೆಗಳ ಹೆಸರು, ವ್ಯಕ್ತಿಗಳ ಗುರುತು ಹತ್ತಬಹುದಾದ ವಿವರಗಳನ್ನು ಇಲ್ಲಿ ಬದಲಿಸಲಾಗಿದೆ. ನಿರ್ಧಾರಗಳು ಯಾವ ಕ್ರಮದಲ್ಲಿ, ಯಾವ ಒತ್ತಡದಲ್ಲಿ ಆದವೆಂಬುದನ್ನು ಮಾತ್ರ ಬದಲಿಸಿಲ್ಲ.

ಕೆಲಸವನ್ನು ಒಪ್ಪಿಕೊಂಡವರು ಮೂವರು ಉದ್ಯೋಗ ಮತ್ತು ಸಂಘಟನಾ ಮನೋವಿಜ್ಞಾನಿಗಳು, ದೇಶಕ್ಕೊಬ್ಬರಂತೆ. ತಂಡದ ಮುಂದಾಳತ್ವ ಡಚ್ ಸಹೋದ್ಯೋಗಿಯದು. ಮೂವರ ಬಳಿಯೂ ಯೂರೋಸೈ ಪ್ರಮಾಣಪತ್ರವಿತ್ತು. ಐದು ವರ್ಷಗಳ ವಿಶ್ವವಿದ್ಯಾಲಯ ಶಿಕ್ಷಣ, ಅದರ ಮೇಲೆ ಒಂದು ವರ್ಷ ಹಿರಿಯರ ಮೇಲ್ವಿಚಾರಣೆಯಲ್ಲಿ ವೃತ್ತಿ ಮಾಡಿದ ಅನುಭವ ಇದ್ದವರಿಗೆ ಮಾತ್ರ ಸಿಗುವ ಈ ಪ್ರಮಾಣಪತ್ರವನ್ನು ಏಳು ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕು. ಇದರ ಹಿಂದಿರುವುದು 1981ರಲ್ಲಿ ಸ್ಥಾಪನೆಯಾದ, ಯುರೋಪಿನ ರಾಷ್ಟ್ರೀಯ ಮನೋವಿಜ್ಞಾನ ಸಂಘಗಳ ಒಕ್ಕೂಟವಾದ ಇಎಫ್‌ಪಿಎ. ಉದ್ಯೋಗ ಮನೋವಿಜ್ಞಾನಕ್ಕೆಂದೇ 1991ರಲ್ಲಿ ಹುಟ್ಟಿದ ಇಎಡಬ್ಲ್ಯುಒಪಿ ಸಂಘ ಸಂಶೋಧಕರನ್ನೂ ವೃತ್ತಿನಿರತರನ್ನೂ ಎರಡು ವರ್ಷಗಳಿಗೊಮ್ಮೆ ಸಮ್ಮೇಳನದಲ್ಲಿ ಸೇರಿಸುತ್ತದೆ. ಈ ಮೂವರ ಪರಿಚಯ ಬೆಳೆದದ್ದೂ ಇಂಥ ವೃತ್ತಿ ಸಭೆಗಳಲ್ಲೇ. ಒಂದೇ ಪ್ರಮಾಣಪತ್ರ, ಒಂದೇ ಬಗೆಯ ತರಬೇತಿ, ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರಿಗೆ ಗೌರವ. ಇಷ್ಟಿದ್ದ ಮೇಲೆ ಕಾರ್ಯವಿಧಾನದ ಬಗ್ಗೆ ಹೆಚ್ಚು ಚರ್ಚಿಸುವ ಅಗತ್ಯ ಅವರಿಗೆ ಕಾಣಲಿಲ್ಲ. ಯಾವ ಅಭ್ಯಾಸಗಳನ್ನು (ಕೆಲಸದ ಸನ್ನಿವೇಶವನ್ನು ಹೋಲುವ ಪರೀಕ್ಷೆಗಳನ್ನು) ಕೊಡಬೇಕು, ಅಂಕ ಹೇಗೆ ಹಾಕಬೇಕು ಎಂಬುದನ್ನು ವಿವರವಾಗಿ ಮಾತಾಡಿಕೊಂಡರು. ವರದಿ ಸಿದ್ಧವಾದ ಮೇಲೆ ಅದು ಯಾವ ದಾರಿಯಲ್ಲಿ ಹೋಗಬೇಕೆಂದು ಮಾತಾಡಿಕೊಳ್ಳಲಿಲ್ಲ.

ಒಪ್ಪಂದವನ್ನು ಬರೆದದ್ದು ಕಂಪನಿಯ ಕಾನೂನು ವಿಭಾಗ. ಅದರಲ್ಲಿ ಎರಡು ಷರತ್ತುಗಳಿದ್ದವು: ಪ್ರತಿ ಅಭ್ಯರ್ಥಿಯ ವರದಿ ಐದು ಕೆಲಸದ ದಿನಗಳೊಳಗೆ ಕೇಂದ್ರ ಎಚ್‌ಆರ್ ವಿಭಾಗಕ್ಕೆ ತಲುಪಬೇಕು; ವರದಿಯ ಕೊನೆಯಲ್ಲಿ ‘ಸೂಕ್ತ’, ‘ಷರತ್ತಿನೊಂದಿಗೆ ಸೂಕ್ತ’, ‘ಸೂಕ್ತವಲ್ಲ’ ಎಂಬ ಮೂರರಲ್ಲಿ ಒಂದು ದರ್ಜೆ ಇರಬೇಕು. ಆ ದರ್ಜೆಯನ್ನು ಕಂಪನಿಯ ಎಚ್‌ಆರ್ ತಂತ್ರಾಂಶಕ್ಕೆ ಏರಿಸುವ ಕೆಲಸ ಅದರ ಬೆಂಗಳೂರಿನ ಸೇವಾ ಕೇಂದ್ರದ್ದು. ಮೂವರೂ ಸಹಿ ಹಾಕಿದರು.

ಮೊದಲ ಬಿರುಕು

ಎರಡನೆಯ ವಾರದಲ್ಲಿ ಡಚ್ ಅಭ್ಯರ್ಥಿಯೊಬ್ಬರು ತಮ್ಮ ವರದಿಯನ್ನು ಓದಿ, ಇದನ್ನು ಕಂಪನಿಗೆ ಕಳುಹಿಸುವುದು ಬೇಡವೆಂದು ಮನೋವಿಜ್ಞಾನಿಗೆ ಬರೆದು ತಿಳಿಸಿದರು. ನೆದರ್ಲೆಂಡ್ಸ್‌ನಲ್ಲಿ ಇದು ಹೊಸ ಸಂಗತಿಯಲ್ಲ. ಅಲ್ಲಿನ ಮನೋವಿಜ್ಞಾನಿಗಳ ಸಂಘವಾದ ಎನ್‌ಐಪಿಯ ವೃತ್ತಿಸಂಹಿತೆಯ ಪ್ರಕಾರ, ಹೊರಗಿನ ಸಂಸ್ಥೆಯೊಂದು ಹಣ ಕೊಟ್ಟು ಮೌಲ್ಯಮಾಪನ ಮಾಡಿಸಿದರೂ ವರದಿಯನ್ನು ಮೊದಲು ಓದುವ ಹಕ್ಕು ಅಭ್ಯರ್ಥಿಯದು. ಅದರಲ್ಲಿರುವ ವಾಸ್ತವಾಂಶ ತಪ್ಪಾಗಿದ್ದರೆ ತಿದ್ದಿಸಬಹುದು, ತೀರ್ಮಾನವನ್ನು ಮಾತ್ರ ತಿದ್ದಿಸುವಂತಿಲ್ಲ. ಕಾನೂನಿನ ಅಡ್ಡಿ ಇಲ್ಲದಿದ್ದರೆ ವರದಿ ಹೊರಹೋಗದಂತೆ ತಡೆಯಲೂಬಹುದು. ಡಚ್ ಸಹೋದ್ಯೋಗಿ ಸಂಹಿತೆಯನ್ನು ಪಾಲಿಸಿ, ಈ ಅಭ್ಯರ್ಥಿಯ ವರದಿ ಬರುವುದಿಲ್ಲವೆಂದು ಎಚ್‌ಆರ್ ವಿಭಾಗಕ್ಕೆ ಒಂದೇ ಸಾಲಿನಲ್ಲಿ ತಿಳಿಸಿದರು.

ಕಂಪನಿಗೆ ಸಿಟ್ಟು ಬಂದಿತು, ಅದಕ್ಕೆ ಕಾರಣವೂ ಇತ್ತು. ಒಪ್ಪಂದದಲ್ಲಿ ‘ಪ್ರತಿ ಅಭ್ಯರ್ಥಿ’ ಎಂದಿತ್ತು. ಅದೇ ವಾರ ಜರ್ಮನಿಯಿಂದ ಬಂದ ವರದಿಗಳು ಅಭ್ಯರ್ಥಿಗಳ ಕಣ್ಣಿಗೂ ಬೀಳದೆ ನೇರವಾಗಿ ಎಚ್‌ಆರ್ ಕೈ ಸೇರಿದ್ದವು; ಅಲ್ಲಿನ ರೂಢಿಯಂತೆ ಅಭ್ಯರ್ಥಿಗಳಿಗೆ ಫಲಿತಾಂಶವನ್ನು ಆಮೇಲೆ ಬಾಯಿಮಾತಿನಲ್ಲಿ ವಿವರಿಸಲಾಗುತ್ತಿತ್ತು. ಒಂದೇ ಹುದ್ದೆಗೆ ಪೈಪೋಟಿ ನಡೆಸುತ್ತಿರುವ ಇಬ್ಬರಲ್ಲಿ ಒಬ್ಬರಿಗೆ ತಡೆಯುವ ಹಕ್ಕಿದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ ನ್ಯಾಯವೆಲ್ಲಿ ಎಂಬ ಎಚ್‌ಆರ್ ಮುಖ್ಯಸ್ಥರ ಪ್ರಶ್ನೆಗೆ ತಂಡದಲ್ಲಿ ಯಾರ ಬಳಿಯೂ ಸಿದ್ಧ ಉತ್ತರವಿರಲಿಲ್ಲ. ಅಭ್ಯರ್ಥಿಗಳೆಲ್ಲರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರಲ್ಲ ಎಂಬ ಅವರ ಎರಡನೆಯ ವಾದ ಮಾತ್ರ ದುರ್ಬಲವಾಗಿತ್ತು. ಯಜಮಾನ ಮತ್ತು ನೌಕರನ ನಡುವೆ ಶಕ್ತಿಯ ಅಸಮತೋಲನ ಇರುವುದರಿಂದ ಅಂಥ ಸಹಿಯನ್ನು ಮುಕ್ತ ಒಪ್ಪಿಗೆಯೆಂದು ಸುಲಭಕ್ಕೆ ಎಣಿಸಲಾಗದು ಎಂಬುದು 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ದತ್ತಾಂಶ ಕಾನೂನಿನ ನೆಲೆಯಲ್ಲಿ ಯುರೋಪಿನಲ್ಲಿ ನೆಲೆಗೊಂಡಿರುವ ನಿಲುವು.

ಈ ಹಂತದಲ್ಲಿ ತಂಡ ಮಾಡಿದ ಮೊದಲ ಪ್ರಯತ್ನವೆಂದರೆ ಅವರವರ ದೇಶದ ಸಂಹಿತೆಯಂತೆ ಅವರವರು ನಡೆಯುವುದು. ಕಾಗದದ ಮೇಲೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. 1995ರಲ್ಲಿ ಅಥೆನ್ಸ್‌ನಲ್ಲಿ ಅಂಗೀಕಾರವಾಗಿ 2005ರಲ್ಲಿ ಗ್ರನಾಡಾದಲ್ಲಿ ಪರಿಷ್ಕೃತವಾದ ಇಎಫ್‌ಪಿಎಯ ನೀತಿಸಂಹಿತೆ ವ್ಯಕ್ತಿಗಳ ಹಕ್ಕು ಮತ್ತು ಘನತೆಗೆ ಗೌರವ, ಸಾಮರ್ಥ್ಯ, ಹೊಣೆಗಾರಿಕೆ, ಪ್ರಾಮಾಣಿಕತೆ ಎಂಬ ನಾಲ್ಕು ತತ್ವಗಳನ್ನು ಮುಂದಿಡುತ್ತದೆ. ಆದರೆ ಅದು ನೇರವಾಗಿ ಮನೋವಿಜ್ಞಾನಿಗಳನ್ನು ಉದ್ದೇಶಿಸಿದ್ದಲ್ಲ. ರಾಷ್ಟ್ರೀಯ ಸಂಘಗಳು ತಮ್ಮ ಸಂಹಿತೆಯಲ್ಲಿ ಏನೇನನ್ನು ಒಳಗೊಳ್ಳಬೇಕೆಂದು ಹೇಳುವ, ಸಂಹಿತೆಗಳ ಮೇಲಿನ ಸಂಹಿತೆ ಅದು. ಹೀಗಾಗಿ ನಾಲ್ಕು ತತ್ವಗಳಿಗೂ ನಿಷ್ಠರಾಗಿದ್ದುಕೊಂಡೇ ಡಚ್ ಸಹೋದ್ಯೋಗಿ ವರದಿಯನ್ನು ಮೊದಲು ಅಭ್ಯರ್ಥಿಗೂ ಜರ್ಮನ್ ಸಹೋದ್ಯೋಗಿ ಮೊದಲು ಕಂಪನಿಗೂ ಕೊಡಬಹುದಿತ್ತು. ಗಡಿಯ ಎರಡೂ ಕಡೆ ಇಬ್ಬರೂ ಸರಿಯೇ. ತೊಡಕಿದ್ದದ್ದು ಗಡಿ ದಾಟುವ ಹುದ್ದೆಗಳಲ್ಲಿ, ಮತ್ತು ಇಲ್ಲಿ ಎಲ್ಲ ಹುದ್ದೆಗಳೂ ಅಂಥವೇ.

‘ಬರೆಯುವುದು ಬೇಡ, ಬಾಯಲ್ಲಿ ಹೇಳಿ’

ಕಂಪನಿಯಿಂದ ಬಂದ ಪರಿಹಾರ ಸರಳವಾಗಿತ್ತು. ಲಿಖಿತ ವರದಿಗೆ ತಾನೇ ತಡೆ? ಹಾಗಿದ್ದರೆ ಬರೆಯುವುದು ಬೇಡ, ಅಭ್ಯರ್ಥಿಯ ಬಗ್ಗೆ ನಿಮ್ಮ ಅನಿಸಿಕೆಯನ್ನು ಫೋನಿನಲ್ಲಿ ಹೇಳಿಬಿಡಿ ಎಂದು ಎಚ್‌ಆರ್ ಅಧಿಕಾರಿಯೊಬ್ಬರು ಡಚ್ ಸಹೋದ್ಯೋಗಿಗೆ ಸೂಚಿಸಿದರು. ಒಪ್ಪಂದ ಕೈತಪ್ಪುವ ಭಯವಿದ್ದ ಆ ಗಳಿಗೆಯಲ್ಲಿ ಅವರು ಇಲ್ಲವೆನ್ನಲಿಲ್ಲ, ತಂಡದೊಡನೆ ಮಾತಾಡಿ ತಿಳಿಸುತ್ತೇನೆ ಎಂದರು. ಆ ಸಂಜೆಯ ಕರೆಯಲ್ಲಿ ಬಾಗಿಲು ಮುಚ್ಚಿದವರು ಉಳಿದಿಬ್ಬರು. ವೃತ್ತಿಯಲ್ಲಿ ತಿಳಿದ ಗುಟ್ಟನ್ನು ಅಧಿಕಾರವಿಲ್ಲದೆ ಹೊರಗೆಡಹುವುದು ತಮ್ಮ ದೇಶದಲ್ಲಿ ಸಂಘದ ಶಿಸ್ತಿನ ವಿಷಯವಷ್ಟೇ ಅಲ್ಲ, ದಂಡಸಂಹಿತೆಯ 203ನೆಯ ಕಲಮಿನಡಿ ಅಪರಾಧ, ಅದರಲ್ಲಿ ಮನೋವಿಜ್ಞಾನಿಗಳ ಹೆಸರೂ ಇದೆ ಎಂದು ಜರ್ಮನ್ ಸಹೋದ್ಯೋಗಿ ನೆನಪಿಸಿದರು. ಬೆಲ್ಜಿಯಂನವರ ಸ್ಥಿತಿಯೂ ಗಟ್ಟಿಯೇ. ಅಲ್ಲಿ ‘ಮನೋವಿಜ್ಞಾನಿ’ ಎಂಬ ಹೆಸರಿಗೆ 1993ರಿಂದ ಕಾನೂನಿನ ರಕ್ಷಣೆಯಿದೆ, 2014ರ ರಾಜಾಜ್ಞೆಯ ಮೂಲಕ ಬಂದ ನೀತಿಸಂಹಿತೆ ಎಲ್ಲ ನೋಂದಾಯಿತರಿಗೂ ಕಡ್ಡಾಯ. ಬಾಯಲ್ಲಿ ಹೇಳಿದರೂ ಅದು ವರದಿಯೇ ಎಂಬಲ್ಲಿಗೆ ಮೂವರೂ ಬಂದರು.

ವರದಿಯ ಹಾದಿಯ ಬಗ್ಗೆ ಬೇರೆ ಬೇರೆ ನಿಲುವು ತಳೆದಿದ್ದವರು ಗೋಪ್ಯತೆಯ ವಿಷಯ ಬಂದೊಡನೆ ಒಂದಾದದ್ದು ಗಮನಾರ್ಹ. ಒಬ್ಬರೇ ಆಗಿದ್ದರೆ ಡಚ್ ಸಹೋದ್ಯೋಗಿ ಆ ಫೋನ್ ಮಾಡುತ್ತಿದ್ದರೇನೋ ಎಂದು ಅವರೇ ನಂತರ ಹೇಳಿದ್ದಾರೆ. ಅವರ ದೇಶದಲ್ಲಿ ‘ಮನೋವಿಜ್ಞಾನಿ’ ಎಂಬ ಬರೀ ಹೆಸರನ್ನು ಯಾರು ಬೇಕಾದರೂ ಬಳಸಬಹುದು; ಎನ್‌ಐಪಿಯ ಸಂಹಿತೆ ಸ್ವಇಚ್ಛೆಯಿಂದ ಸದಸ್ಯರಾದವರನ್ನು ಮಾತ್ರ ಕಟ್ಟಿಹಾಕುತ್ತದೆ. ಅಭ್ಯರ್ಥಿಗೆ ಅತಿ ಹೆಚ್ಚು ರಕ್ಷಣೆ ಕೊಡುವ ನಿಯಮ, ಹೆಸರಿಗೆ ಅತಿ ಕಡಿಮೆ ರಕ್ಷಣೆಯಿರುವ ನೆಲದಲ್ಲಿ ಬೆಳೆದಿದೆ. ಈ ವೈಚಿತ್ರ್ಯ ಪ್ರಕರಣದ ಕೊನೆಯಲ್ಲಿ ಮತ್ತೆ ತಲೆಯೆತ್ತಿತು.

ಖಾಲಿ ಬಿಡಲಾಗದ ಕಾಲಂ

ಇದರ ಮಧ್ಯೆ ಬೆಂಗಳೂರಿನಿಂದ ಒಂದು ಟಿಕೆಟ್, ಅಂದರೆ ತಂತ್ರಾಂಶದಲ್ಲಿ ದಾಖಲಾಗುವ ಲಿಖಿತ ಪ್ರಶ್ನೆ, ಬಂತು. ಸೇವಾ ಕೇಂದ್ರದ ಉದ್ಯೋಗಿಯೊಬ್ಬರು, ಈ ಅಭ್ಯರ್ಥಿಯ ದರ್ಜೆಯ ಕಾಲಂನಲ್ಲಿ ಏನು ತುಂಬಬೇಕು ಎಂದು ಕೇಳಿದ್ದರು. ಆ ಕಾಲಂ ಕಡ್ಡಾಯ. ಖಾಲಿ ಬಿಟ್ಟರೆ ತಂತ್ರಾಂಶ ಪುಟವನ್ನು ಸೇವ್ ಮಾಡುವುದಿಲ್ಲ, ‘ಅನ್ವಯಿಸುವುದಿಲ್ಲ’ ಎಂಬ ಆಯ್ಕೆಯೂ ಇಲ್ಲ. ಸದ್ಯಕ್ಕೆ ‘ಸೂಕ್ತವಲ್ಲ’ ಎಂದು ತುಂಬಿ ಎಂಬ ಸೂಚನೆ ಯುರೋಪಿನ ಕಚೇರಿಯಿಂದ ಮೌಖಿಕವಾಗಿ ಬಂದಿತ್ತು. ಆ ಉದ್ಯೋಗಿ ಹಾಗೆ ಮಾಡದೆ, ಸೂಚನೆಯನ್ನು ಬರಹದಲ್ಲಿ ಕೊಡಿ ಎಂದು ಟಿಕೆಟ್ ಎತ್ತಿದರು. ಅದರ ಪ್ರತಿ ಮೌಲ್ಯಮಾಪಕರ ವಿಳಾಸಕ್ಕೂ ಹೋಯಿತು.

ಬೆಂಗಳೂರಿನ ಇಂಥ ಕೇಂದ್ರಗಳಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಈ ಸನ್ನಿವೇಶ ಪರಿಚಿತವಾಗಿಯೇ ಇರುತ್ತದೆ: ನಿರ್ಧಾರ ಎಲ್ಲೋ, ಅದನ್ನು ದಾಖಲೆಯಾಗಿಸುವ ಬೆರಳು ಇಲ್ಲಿ. ನೀತಿಸಂಹಿತೆಗಳ ಚರ್ಚೆಯಲ್ಲಿ ಈ ಬೆರಳಿನ ಪ್ರಸ್ತಾಪವೇ ಬರುವುದಿಲ್ಲ. ಇಡೀ ಪ್ರಕರಣದಲ್ಲಿ ಅಭ್ಯರ್ಥಿಯ ಹಕ್ಕಿಗೆ ಆಗಬಹುದಾಗಿದ್ದ ಅತಿ ದೊಡ್ಡ ಪೆಟ್ಟನ್ನು ತಡೆದದ್ದು ಯಾವ ಸಂಹಿತೆಗೂ ಸಹಿ ಹಾಕದ ಒಬ್ಬ ದತ್ತಾಂಶ ಉದ್ಯೋಗಿ ಎಂಬುದು ನನ್ನ ಎಣಿಕೆ. ವರದಿಯನ್ನು ತಡೆದ ಅಭ್ಯರ್ಥಿಯ ಹೆಸರಿನ ಮುಂದೆ ‘ಸೂಕ್ತವಲ್ಲ’ ಎಂದು ಬಿದ್ದಿದ್ದರೆ ತಡೆಯುವ ಹಕ್ಕು ಶಿಕ್ಷೆಯಾಗಿ ಮಾರ್ಪಡುತ್ತಿತ್ತು, ಮುಂದಿನ ಬಡ್ತಿಯ ಹೊತ್ತಿಗೆ ಅದರ ಮೂಲ ಯಾರ ನೆನಪಿನಲ್ಲೂ ಇರುತ್ತಿರಲಿಲ್ಲ.

ಟಿಕೆಟ್‌ನಿಂದ ಇನ್ನೊಂದು ಸಂಗತಿಯೂ ಬಯಲಾಯಿತು. ಜರ್ಮನ್ ಘಟಕದ ನೌಕರರ ಮಂಡಳಿ (ನೌಕರರು ಆರಿಸಿದ ಪ್ರತಿನಿಧಿಗಳ ಸಮಿತಿ) ಅಭ್ಯಾಸಗಳಿಗೆ, ಪ್ರಶ್ನಾವಳಿಗಳಿಗೆ ಒಪ್ಪಿಗೆ ಕೊಟ್ಟಿತ್ತು. 1972ರ ಕಾರ್ಖಾನೆ ಆಡಳಿತ ಕಾಯ್ದೆಯ 94ನೆಯ ಕಲಮಿನಂತೆ ನೌಕರರನ್ನು ಅಳೆಯುವ ಸಾಮಾನ್ಯ ಮಾನದಂಡಗಳಿಗೆ ಆ ಮಂಡಳಿಯ ಸಮ್ಮತಿ ಬೇಕೇಬೇಕು. ದರ್ಜೆಯನ್ನು ಶಾಶ್ವತ ದಾಖಲೆಯಾಗಿ ಭಾರತದಲ್ಲಿನ ಕೇಂದ್ರದ ಮೂಲಕ ಇಡುವ ವಿಷಯ ಮಾತ್ರ ಅವರ ಮುಂದೆ ಬಂದೇ ಇರಲಿಲ್ಲ. ವೈಯಕ್ತಿಕ ದತ್ತಾಂಶದ ವಿಷಯದಲ್ಲಿ ಭಾರತಕ್ಕೆ ಯುರೋಪಿಯನ್ ಆಯೋಗದ ‘ಸಮರ್ಪಕ ರಕ್ಷಣೆ’ಯ ಮಾನ್ಯತೆ ಇಲ್ಲದ ಕಾರಣ ಅಂಥ ವರ್ಗಾವಣೆಗೆ ಪ್ರತ್ಯೇಕ ಕರಾರು ಷರತ್ತುಗಳು ಬೇಕು. ಕಂಪನಿಯ ಸಾಮಾನ್ಯ ಸಂಬಳ ದಾಖಲೆಗಳಿಗೆ ಅವು ಇದ್ದವು, ಮನೋವೈಜ್ಞಾನಿಕ ದರ್ಜೆಯನ್ನು ಅವುಗಳಲ್ಲಿ ಹೆಸರಿಸಿರಲಿಲ್ಲ. ಮಂಡಳಿ ಕೆಲಸ ನಿಲ್ಲಿಸಲು ಪತ್ರ ಬರೆಯಿತು.

ಬಿಟ್ಟುಹೋದ ಪುಟ

ತಂಡ ಮತ್ತೆ ಸಭೆ ಸೇರಿದಾಗ ಡಚ್ ಸಹೋದ್ಯೋಗಿ, ಮೂರೂ ದೇಶಗಳಲ್ಲಿ ಅಭ್ಯರ್ಥಿಗೇ ವರದಿ ಮೊದಲು ಕೊಡೋಣವೆಂದು ಮುಂದಿಟ್ಟರು. ಜರ್ಮನ್ ಸಹೋದ್ಯೋಗಿ ಬಲವಾಗಿ ವಿರೋಧಿಸಿದರು. ಅವರ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ವರದಿಯನ್ನು ತಡೆಯುವವರು ಸಹಜವಾಗಿ ಅದರಲ್ಲಿ ಕೆಟ್ಟ ಫಲಿತಾಂಶ ಕಂಡವರು. ಅವರೆಲ್ಲ ಹೊರಗುಳಿದರೆ ಆಯ್ಕೆ ಸಮಿತಿ ನೋಡುವುದು ಸೋಸಿದ ಚಿತ್ರವನ್ನು, ಮತ್ತು ಹಣ ಕೊಟ್ಟವರಿಗೆ ಮೌಲ್ಯಮಾಪನದಿಂದ ಸಿಗಬೇಕಾದ ಮುಖ್ಯ ಪ್ರಯೋಜನವೇ ಸಿಗುವುದಿಲ್ಲ. ತಮ್ಮ ದೇಶದಲ್ಲಿ ಉದ್ಯೋಗ ಯೋಗ್ಯತೆಯನ್ನು ಅಳೆಯುವ ವಿಧಾನಕ್ಕೆ 2002ರಿಂದ ಡಿಐಎನ್ 33430 ಎಂಬ ಮಾನಕವಿದೆ, ಅಭ್ಯರ್ಥಿಗೆ ಮಾಹಿತಿ ಕೊಡುವುದನ್ನು ಅದು ಬಯಸುತ್ತದೆಯೇ ಹೊರತು ವೀಟೊ ಅಧಿಕಾರವನ್ನಲ್ಲ ಎಂಬುದು ಅವರ ನಿಲುವು.

ಆ ನಿಲುವನ್ನು ಸಡಿಲಿಸಿದ್ದು ತತ್ವದ ವಾದವಲ್ಲ. ಕೆಲವು ದಿನಗಳ ನಂತರ ಅವರು ತಮ್ಮ ಅಭ್ಯರ್ಥಿಯೊಬ್ಬರಿಗೆ ಫಲಿತಾಂಶ ವಿವರಿಸುತ್ತಿದ್ದರು. ವರದಿ ಆಗಲೇ ಕಂಪನಿ ಸೇರಿ, ಅಭ್ಯರ್ಥಿಯ ಹೆಸರು ಪಟ್ಟಿಯಿಂದ ಬಿಟ್ಟುಹೋಗಿತ್ತು. ಮೇಜಿನ ಮೇಲಿನ ಕಡತಗಳನ್ನು ನಿಗದಿತ ಸಮಯದಲ್ಲಿ ವಿಲೇವಾರಿ ಮಾಡುವ ಅಭ್ಯಾಸದಲ್ಲಿ ಅವರಿಗೆ ಕಡಿಮೆ ಅಂಕ ಬಂದಿತ್ತು. ಗ್ರಾಹಕನೊಬ್ಬ ಒಪ್ಪಂದ ಮುರಿಯುವ ಬೆದರಿಕೆ ಹಾಕಿದ ಪತ್ರವನ್ನು ಅವರು ಗಮನಿಸಲೇ ಇಲ್ಲ ಎಂಬುದು ಕಾರಣ. ಅಭ್ಯರ್ಥಿ ಕೇಳಿಸಿಕೊಂಡು, “ಯಾವ ಪತ್ರ? ನನ್ನ ಕಡತದಲ್ಲಿ ಅಂಥದ್ದು ಇರಲಿಲ್ಲ” ಎಂದರು. ಹುಡುಕಿದಾಗ ತಿಳಿದದ್ದು ಇಷ್ಟು: ಆ ದಿನದ ಜರ್ಮನ್ ಭಾಷೆಯ ಮುದ್ರಿತ ಕಟ್ಟಿನಲ್ಲಿ ಹನ್ನೆರಡನೆಯ ಹಾಳೆಯೇ ಇಲ್ಲ, ಹನ್ನೊಂದರ ನಂತರ ಹದಿಮೂರು. ಅದೇ ಕಟ್ಟನ್ನು ನಾಲ್ವರಿಗೆ ಕೊಡಲಾಗಿತ್ತು.

ಜರ್ಮನ್ ಸಹೋದ್ಯೋಗಿ ಅಂದೇ ಕಂಪನಿಗೆ ಬರೆದು ನಾಲ್ಕೂ ವರದಿಗಳನ್ನು ಹಿಂಪಡೆದು, ಆ ಅಂಶವನ್ನು ಬಿಟ್ಟು ಅಂಕ ಹಾಕಿ ಹೊಸ ವರದಿ ಕೊಟ್ಟರು. ಪಟ್ಟಿಯಿಂದ ಬಿಟ್ಟುಹೋಗಿದ್ದ ಅಭ್ಯರ್ಥಿ ಮುಂದಿನ ಸುತ್ತಿಗೆ ಬಂದರು. ಹುದ್ದೆ ಸಿಗಲಿಲ್ಲ, ಅದು ಬೇರೆ ಮಾತು. ವರದಿಯನ್ನು ಮೊದಲು ಓದುವುದು ಅಭ್ಯರ್ಥಿಗೆ ತೋರುವ ಸೌಜನ್ಯ ಎಂದೇ ಅಲ್ಲಿಯವರೆಗೆ ತಂಡ ಮಾತಾಡುತ್ತಿತ್ತು. ಕೋಣೆಯಲ್ಲಿ ಏನು ನಡೆಯಿತೆಂದು ಬಲ್ಲವರು ಇಬ್ಬರೇ, ವೀಕ್ಷಕ ಮತ್ತು ಅಭ್ಯರ್ಥಿ. ಅವರಲ್ಲಿ ಒಬ್ಬರ ಕಣ್ಣಿಗೆ ಬೀಳದೆ ವರದಿ ಹೊರಹೋಗುವುದೆಂದರೆ ಪರಿಶೀಲನೆಯ ಒಂದು ಹಂತವನ್ನೇ ಕೈಬಿಟ್ಟಂತೆ ಎಂಬುದು ಆ ಹಾಳೆಯಿಂದ ಸ್ಪಷ್ಟವಾಯಿತು. ಕಾನೂನಿನ ದೃಷ್ಟಿಯೂ ಇದಕ್ಕೆ ದೂರವಲ್ಲ. ಅಕೌಂಟೆಂಟ್ ಪರೀಕ್ಷೆ ಬರೆದ ಐರಿಶ್ ಅಭ್ಯರ್ಥಿಯೊಬ್ಬರ ಮೊಕದ್ದಮೆಯಲ್ಲಿ, ಉತ್ತರಗಳಷ್ಟೇ ಅಲ್ಲ, ಪರೀಕ್ಷಕರು ಅವುಗಳ ಮೇಲೆ ಬರೆದ ಟಿಪ್ಪಣಿಗಳೂ ಅಭ್ಯರ್ಥಿಯ ವೈಯಕ್ತಿಕ ದತ್ತಾಂಶವೇ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2017ರ ಡಿಸೆಂಬರ್‌ನಲ್ಲಿ ಹೇಳಿದೆ.

ಬೆಲ್ಜಿಯಂನ ಸಹೋದ್ಯೋಗಿ ಇದೇ ಸಭೆಯಲ್ಲಿ ಇನ್ನೊಂದು ವಿಷಯ ಎತ್ತಿದರು. ವ್ಯಕ್ತಿತ್ವ ಪ್ರಶ್ನಾವಳಿಯ ಡಚ್ ಆವೃತ್ತಿಯನ್ನು ಫ್ಲೆಮಿಶ್ (ಡಚ್ ಮಾತಾಡುವ ಬೆಲ್ಜಿಯಂನ) ಅಭ್ಯರ್ಥಿಗಳಿಗೂ ಕೊಟ್ಟು, ಅವರ ಅಂಕಗಳನ್ನು ನೆದರ್ಲೆಂಡ್ಸ್‌ನ ಮಾನಕ ಗುಂಪಿನೊಂದಿಗೆ, ಅಂದರೆ ಹೋಲಿಕೆಗೆಂದು ಮೊದಲೇ ಅಂಕ ಸಂಗ್ರಹಿಸಿಟ್ಟ ಜನರ ಗುಂಪಿನೊಂದಿಗೆ, ಹೋಲಿಸಲಾಗಿತ್ತು. ಭಾಷೆ ಒಂದೇ ಆದ ಮಾತ್ರಕ್ಕೆ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ರೀತಿ ಒಂದೇ ಇರುತ್ತದೆಂದು ಊಹಿಸುವಂತಿಲ್ಲ ಎಂಬ ಅವರ ಮಾತಿಗೆ ಯಾರೂ ಎದುರಾಡಲಿಲ್ಲ. ಆ ಪ್ರಶ್ನಾವಳಿಗೆ ಬೆಲ್ಜಿಯಂನ ಮಾನಕ ಗುಂಪು ಸಿಗದ ಕಾರಣ ಅದರ ಅಂಕಗಳನ್ನು ಎಲ್ಲ ವರದಿಗಳಿಂದಲೂ ತೆಗೆದು, ಅದನ್ನು ಸಂದರ್ಶನದ ಪ್ರಶ್ನೆಗಳಿಗೆ ಸುಳಿವಾಗಿ ಮಾತ್ರ ಬಳಸಲಾಯಿತು.

ಹೊಸ ಕಾರ್ಯವಿಧಾನ ಮತ್ತು ಅದರ ಫಲ

ಕೊನೆಗೆ ಸಿದ್ಧವಾದ ಎರಡು ಪುಟಗಳ ಕಾರ್ಯವಿಧಾನಕ್ಕೆ, ಉದ್ಯೋಗದಲ್ಲಿ ಜನರನ್ನು ಅಳೆಯುವ ಸೇವೆಗಳಿಗೆಂದೇ ಇರುವ ಐಎಸ್‌ಒ 10667 ಮಾನಕ ಆಧಾರವಾಯಿತು. 2011ರಲ್ಲಿ ಬಂದು 2020ರಲ್ಲಿ ಪರಿಷ್ಕೃತವಾದ ಈ ಮಾನಕಕ್ಕೆ ಎರಡು ಭಾಗಗಳಿವೆ; ಎರಡನೆಯದು ಸೇವೆ ಕೊಡುವವರಿಗಾದರೆ ಮೊದಲನೆಯದು ಸೇವೆ ಕೊಳ್ಳುವ ಗ್ರಾಹಕನಿಗೆ. ನಿಮ್ಮ ನೀತಿಸಂಹಿತೆ ನಮಗೆ ಸಂಬಂಧಿಸಿದ್ದಲ್ಲ ಎನ್ನುತ್ತಿದ್ದ ಕಾನೂನು ವಿಭಾಗದವರು, ಕೊಳ್ಳುವವನ ಕರ್ತವ್ಯಗಳನ್ನೇ ಹೇಳುವ ದಾಖಲೆಯೊಂದು ಎದುರಿಗೆ ಬಂದಾಗ ಮಾತುಕತೆಗೆ ಕುಳಿತರು. ಮೂರೂ ದೇಶಗಳಲ್ಲಿ ಅಭ್ಯರ್ಥಿಗೇ ವರದಿ ಮೊದಲು. ವಾಸ್ತವಾಂಶಗಳನ್ನು ತಿದ್ದಿಸಲು ಮೂರು ಕೆಲಸದ ದಿನಗಳು. ತಡೆಯುವ ಹಕ್ಕು ಎಲ್ಲರಿಗೂ. ಜರ್ಮನ್ ಸಹೋದ್ಯೋಗಿಯ ಆಕ್ಷೇಪಕ್ಕೆ ಉತ್ತರವಾಗಿ ಇದಕ್ಕೊಂದು ಷರತ್ತು ಸೇರಿತು: ವರದಿ ಇಲ್ಲದವರನ್ನು ಸಮಿತಿ ಹೇಗೆ ಪರಿಗಣಿಸುತ್ತದೆ ಎಂಬುದನ್ನು ಮೌಲ್ಯಮಾಪನಕ್ಕೂ ಮೊದಲೇ ಎಲ್ಲ ಅಭ್ಯರ್ಥಿಗಳಿಗೂ ಬರಹದಲ್ಲಿ ತಿಳಿಸಬೇಕು. ಅಂಥವರಿಗೆ ಸಮಿತಿಯ ಮುಂದೆ ದೀರ್ಘ ಸಂದರ್ಶನವೊಂದನ್ನು ಏರ್ಪಡಿಸಲು ಕಂಪನಿ ಒಪ್ಪಿತು. ದರ್ಜೆಯ ಕಾಲಂ ತಂತ್ರಾಂಶದಿಂದ ಹೋಯಿತು. ಬೆಂಗಳೂರಿಗೆ ಹೋಗುವ ದಾಖಲೆಯಲ್ಲಿ ‘ಮುಗಿದಿದೆ’ ಅಥವಾ ‘ಮುಗಿದಿಲ್ಲ’ ಎಂಬುದಷ್ಟೇ ಉಳಿಯಿತು. ಇದನ್ನು ನೋಡಿ ನೌಕರರ ಮಂಡಳಿ ತನ್ನ ತಡೆಯನ್ನು ಹಿಂತೆಗೆದುಕೊಂಡಿತು.

ಉಳಿದ ಅಭ್ಯರ್ಥಿಗಳಲ್ಲಿ ವರದಿ ತಡೆದವರು ಇಬ್ಬರು ಮಾತ್ರ, ಒಬ್ಬರು ಜರ್ಮನಿಯವರು, ಇನ್ನೊಬ್ಬರು ಬೆಲ್ಜಿಯಂನವರು. ಸಣ್ಣಪುಟ್ಟ ತಿದ್ದುಪಡಿ ಕೇಳಿದವರು ಹಲವರಿದ್ದರು. ಹುದ್ದೆಯ ಹೆಸರು, ಸೇವಾವಧಿಯಂಥವೇ ಹೆಚ್ಚು. ಮೊದಲು ವರದಿ ತಡೆದಿದ್ದ ಡಚ್ ಅಭ್ಯರ್ಥಿ ಸಂದರ್ಶನಕ್ಕೆ ಬಂದರು, ಆಯ್ಕೆಯಾಗಲಿಲ್ಲ, ದೂರನ್ನೂ ಕೊಡಲಿಲ್ಲ. ಐದು ದಿನಗಳ ಗಡುವು ಹೆಚ್ಚುಕಡಿಮೆ ಇಮ್ಮಡಿಯಾಯಿತು, ಆ ಹೆಚ್ಚುವರಿ ಕೆಲಸಕ್ಕೆ ಕಂಪನಿ ಹಣ ಕೊಡಲಿಲ್ಲ, ಹೊರೆಯನ್ನು ಮೂವರೂ ಹಂಚಿಕೊಂಡರು.

ಬೇರೆ ತಂಡಗಳು ಇದರಿಂದ ಎತ್ತಿಕೊಳ್ಳಬೇಕಾದ ಕ್ರಮ ಯಾವುದೆಂದು ಕೇಳಿದರೆ, ಅತಿ ಕಟ್ಟುನಿಟ್ಟಾದ ದೇಶದ ನಿಯಮವನ್ನು ಎಲ್ಲೆಡೆ ಹೇರಿ ಎಂದು ನಾನು ಹೇಳಲಾರೆ. ಇಲ್ಲಿ ಅದು ಹೊಂದಿಕೊಂಡದ್ದು ನೌಕರರ ಮಂಡಳಿಯ ಒತ್ತಡ ಮತ್ತು ಬಿಟ್ಟುಹೋದ ಹಾಳೆ ಒಂದೇ ಹೊತ್ತಿಗೆ ಬಂದದ್ದರಿಂದ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ವರದಿಯ ಹಾದಿಯನ್ನು ಕೊನೆಯ ಕಾಲಂವರೆಗೆ, ಅದನ್ನು ತುಂಬುವವರ ಮೇಜಿನವರೆಗೆ ಕಾಗದದ ಮೇಲೆ ಬರೆದು ನೋಡಿದ್ದರೆ ಮೂರು ಸಂಹಿತೆಗಳ ನಡುವಿನ ವ್ಯತ್ಯಾಸಗಳಲ್ಲಿ ಬಹುಪಾಲು ಮೊದಲ ದಿನವೇ ಕಾಣುತ್ತಿದ್ದವು. ಯೂರೋಸೈ ಒಬ್ಬರ ತರಬೇತಿಯ ಮಟ್ಟಕ್ಕೆ ಸಾಕ್ಷಿ ಹೇಳುತ್ತದೆ. ಇಬ್ಬರು ಕೂಡಿ ಹೇಗೆ ಕೆಲಸ ಮಾಡಬೇಕೆಂಬುದನ್ನು ಅವರೇ ಬರೆದುಕೊಳ್ಳಬೇಕು.

ಮರುವರ್ಷ ಕಂಪನಿ ಈ ತಂಡವನ್ನು ಕರೆಯಲಿಲ್ಲ. ಡಚ್ ಘಟಕದ ಆಯ್ಕೆಗೆ ಮನೋವಿಜ್ಞಾನಿಗಳಲ್ಲದ, ಹಾಗಾಗಿ ಯಾವ ವೃತ್ತಿಸಂಹಿತೆಗೂ ಒಳಪಡದ ಸಲಹೆಗಾರರ ಆನ್‌ಲೈನ್ ಪರೀಕ್ಷೆಯನ್ನು ಕೊಂಡಿತು. ಅಲ್ಲಿ ತಡೆಯುವ ಹಕ್ಕಿನ ಮಾತೇ ಇಲ್ಲ. ಜರ್ಮನ್ ಘಟಕದಲ್ಲಿ ನೌಕರರ ಮಂಡಳಿಯ ಜೊತೆ ಆದ ಲಿಖಿತ ಒಡಂಬಡಿಕೆ ಇರುವುದರಿಂದ ವರದಿ ಈಗಲೂ ಮೊದಲು ಅಭ್ಯರ್ಥಿಗೇ ಹೋಗುತ್ತದೆ. ಮೂವರು ಸಹೋದ್ಯೋಗಿಗಳು ಬೇರೆ ಗ್ರಾಹಕರೊಂದಿಗೆ ಕೂಡಿ ಕೆಲಸ ಮಾಡುತ್ತಿದ್ದಾರೆ, ಪ್ರತಿ ಪ್ರಸ್ತಾವನೆಯೊಂದಿಗೆ ಆ ಎರಡು ಪುಟಗಳನ್ನು ಲಗತ್ತಿಸುತ್ತಾರೆ. ತಡೆಯುವ ಹಕ್ಕಿನ ಷರತ್ತಿನ ಕೆಳಗೆ, ತಾನು ಇದನ್ನು ಪಾಲಿಸುತ್ತೇನೆ ಆದರೆ ಒಪ್ಪುವುದಿಲ್ಲ ಎಂಬ ಜರ್ಮನ್ ಸಹೋದ್ಯೋಗಿಯ ಭಿನ್ನಮತದ ಟಿಪ್ಪಣಿಯನ್ನು ಉಳಿದಿಬ್ಬರ ಒಪ್ಪಿಗೆಯ ಮೇಲೆಯೇ ಸೇರಿಸಲಾಗಿದೆ.